ಕುಬಸಕ್ಕೆ ಹೋದ ಗಿಟಾರು

"ಕಮಲಾಪುರದಾಗ ಬಾರಿಸೇ ಬಾರಿಸ್ತೀನಿ! ಯಾರು ಅಡ್ಡ ಬರ್ತಾರ ನೋಡ್ತೀನಿ!" ಎಂದು ನಂದೂರಿನ ಬೇಳೆ ಮಿಲ್ಲಿನ ಸೂಪರ್‌ವೈಸರ್ ಗುರುಪ್ರಸಾದ ಘೋಷಿಸಿದ.

"ಬಾರಿಸ್ರಿ," ಎಂದಳು ಹೆಂಡತಿ ಸುನಂದಾ. "ಆದ್ರ ಅದು ಮತ್ತ ಹಂಗ ಒದರಿತಂದ್ರ ಅಲ್ಲೇ ಬಿಟ್ಟು ಬರೋದು. ನನ್ನ ಮನಿಯಾಗ ವಾಪಸ್ ಬರಂಗಿಲ್ಲ."

'ಅದು' ಎಂದರೆ ಅರವತ್ತು ವರ್ಷ ಹಳೆಯ ಎಲೆಕ್ಟ್ರಿಕ್ ಗಿಟಾರು. ಹೈದರಾಬಾದಿನ ಹಳೇ ಸಾಮಾನಿನ ಅಂಗಡಿಯಿಂದ ಗುರುಪ್ರಸಾದ ಹೊತ್ತು ತಂದ ಮಹಾರತ್ನ! ಉಬ್ಬಿದ ಎದೆ, ಪೊಳ್ಳು ಹೊಟ್ಟೆ, ತಂತಿಗಳ ಎರಡೂ ಬದಿಗೆ ಇಂಗ್ಲಿಷಿನ ಎಫ್ ಅಕ್ಷರದಂಥ ಸೀಳು. ಕಲಬುರಗಿಯ ಬಿಸಿಲಿಗೆ ಬೆನ್ನಿನ ಹಲಗೆ ಬಾಯಿ ಬಿಟ್ಟಿದ್ದಕ್ಕೆ ಅಂಟು ಹಚ್ಚಿ ಬಿಗಿದಿದ್ದ. ದನಿ ಏರಿಸುವ ಗುಂಡಿ ಕಳೆದುಹೋಗಿ ಆ ಜಾಗದಲ್ಲಿ ಮಿಕ್ಸರಿನ ಗುಂಡಿ ಕೂತಿತ್ತು. ಇದೆಲ್ಲ ಇರಲಿ. ಸ್ಪೀಕರಿನ ಸದ್ದು ಆ ಪೊಳ್ಳು ಹೊಟ್ಟೆಗೆ ನುಗ್ಗಿ, ಮರ ನಡುಗಿ, ತಂತಿ ನಡುಗಿ, ಮತ್ತೆ ಸ್ಪೀಕರಿಗೇ ಹೋಗಿ "ಕುಂಯ್ಯೋ" ಎಂದು ಇಡೀ ಓಣಿಗೆ ಕೇಳುವಂತೆ ಕೂಗುತ್ತಿತ್ತು!

ಹೊಟ್ಟೆಗೆ ಬಟ್ಟೆ ತುರುಕಿದರೆ ಕೂಗು ನಿಲ್ಲುತ್ತದೆಂದು ಮೊಬೈಲಿನ ವಿಡಿಯೋ ಹೇಳಿತು. ಬಟ್ಟೆಗೇನು ಬರ? ಕಪಾಟಿನಲ್ಲಿ ಜಂಪರ್ ಪೀಸುಗಳ, ಅಂದರೆ ಉಡಿ ತುಂಬುವ ರವಿಕೆ ಕಣಗಳ, ರಾಶಿಯೇ ಇತ್ತು. ಯಾರದೋ ಉಡಿಯಿಂದ ಬಂದು, ಯಾರೂ ಹೊಲಿಸದೆ, ಇನ್ಯಾರದೋ ಉಡಿಗೆ ಹೋಗುವಂಥವು. ಚಮಚದ ಹಿಡಿಯಿಂದ ಅಷ್ಟನ್ನೂ ಸೀಳಿನೊಳಗೆ ತಳ್ಳಿದ. ಗಿಟಾರು ಗಪ್ಪಾಯಿತು!

ಮರುದಿನ ಕಮಲಾಪುರದಲ್ಲಿ ಸುನಂದಾಳ ತಮ್ಮ ಸುನೀಲಕುಮಾರನ ಬಸುರಿ ಹೆಂಡತಿಯ ಕುಬಸ, ಅಂದರೆ ಸೀಮಂತ. ಹೊರಡುವಾಗ ಸುನಂದಾ ಕೇಳಿದಳು, "ಜಂಪರ್ ಪೀಸ್ ತಗೊಂಡೀರಿಲ್ರೀ?"

"ಎಲ್ಲಾ ತಗೊಂಡೀನಿ!"

ಸುಳ್ಳಂತೂ ಅಲ್ಲ!

ಕುಬಸದ ಮನೆಯಲ್ಲಿ ಗಿಟಾರು ಎಷ್ಟು ಇಂಪಾಗಿ ನುಡಿಯಿತೆಂದರೆ ಬೀಗರೆಲ್ಲ ತಲೆದೂಗಿದರು. ಅಷ್ಟರಲ್ಲಿ ಉಡಿ ತುಂಬುವ ಹೊತ್ತಾಯಿತು.

"ಪೀಸ್ ಎಲ್ಲಿ ಅವ, ರೀ?" ಎಂದಳು ಸುನಂದಾ.

ಗುರುಪ್ರಸಾದ ಕಣ್ಣಿನಲ್ಲೇ ಗಿಟಾರು ತೋರಿಸಿದ. ಸೀಳಿನಲ್ಲಿ ಹಸಿರು ಅಂಚೊಂದು ಇಣುಕುತ್ತಿತ್ತು. ಸುನಂದಾ ತುರುಬಿನ ಪಿನ್ನು ಕಿತ್ತು, ಸಿಕ್ಕಿಸಿ ಎಳೆದಳು. ಬಾರಿಸುವುದನ್ನು ಅವನೂ ಬಿಡಲಿಲ್ಲ! ಒಂದು ಪೀಸು ಹೊರಬಂತು, ಗಿಟಾರು ಗೊಣಗಿತು. ಇನ್ನೊಂದು ಬಂತು, ನರಳಿತು.

"ಸಾಕು, ಸುನಂದಾ! ಇನ್ನೊಂದ್ ತೆಗೀಬ್ಯಾಡ!"

"ಮುತ್ತೈದೇರು ಕುಂತಾರ್ರೀ. ಬರಿಗೈಲೆ ಕಳಸ್ಲೇನು?"

ಕೊನೆಯ ಪೀಸು ಹೊರಬಿದ್ದದ್ದೇ ತಡ, "ಕುಂಯ್ಯ್ಯೋ!" ಮುದುಕಿಯರು ಕಿವಿ ಮುಚ್ಚಿಕೊಂಡರು. ಹಿತ್ತಲಲ್ಲಿ ಎಮ್ಮೆಗಳು ಹಗ್ಗ ಹರಿದುಕೊಂಡು ಓಡಿದವು.

"ಆಯ್ತಲ್ರೀ? ಇನ್ನ ಇಲ್ಲೇ ಬಿಡ್ರಿ," ಎಂದಳು ಸುನಂದಾ.

"ಬಿಡಂಗಿಲ್ಲ!" ಗುರುಪ್ರಸಾದ ಗಿಟಾರನ್ನು ಅಪ್ಪಿಕೊಂಡು ಗುಡುಗಿದ. "ಇದು ಎಲ್ಲಿ ಇರ್ತದ, ನಾನೂ ಅಲ್ಲೇ ಇರಾಂವ!"

ಸುನೀಲಕುಮಾರನ ಮುಖ ಅರಳಿತು. "ಹಂಗಾದ್ರ ಭಾಳ ಚಲೋ ಆಯ್ತು, ಮಾಮಾ! ನಮ್ಮ ಕೆಂಪು ಬಾಳಿ ತೋಟಕ್ಕ ದಿನಾ ಕಾಡಹಂದಿ ನುಗ್ಲಾಕತ್ತಾವ. ಪಟಾಕಿಗೂ ಅಂಜಂಗಿಲ್ಲ. ಇದಕ್ಕ ಮಾತ್ರ ಅಂಜೇ ಅಂಜ್ತಾವ!"

ಗುರುಪ್ರಸಾದ ಬಾಯಿ ತೆರೆಯುವಷ್ಟರಲ್ಲಿ ಸುನಂದಾ ಹೇಳಿದಳು, "ತೋಟದಾಗ ಇವರಿಗಿ ಮಲಗಾಕ ಒಂದು ಹೊರಸು ಹಾಕು, ತಮ್ಮಾ. ಮಿಲ್ಲಿಗಿ ರಜಾ ನಾ ಹೇಳ್ತೀನಿ."