ಬಿಡ್ ಮತ್ತು ಬಿಡದ ಮಾವ

ನನ್ನ ಸೋದರಮಾವನಷ್ಟು ಕುತೂಹಲದಿಂದ ತೆರಿಗೆಯನ್ನು ವಿರೋಧಿಸಿದ ಮನುಷ್ಯ ಈ ಇಂಗ್ಲೆಂಡಿನಲ್ಲಿ ಇನ್ನೊಬ್ಬರಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ಬೇರೆಯವರು ತೆರಿಗೆ ಎಂದರೆ ಗೊಣಗುತ್ತಾರೆ, ಕೊನೆಗೆ ಕಟ್ಟುತ್ತಾರೆ. ಮಾವ ಗೊಣಗಲಿಲ್ಲ, ಬಹಳ ದಿನ ಕಟ್ಟಲೂ ಇಲ್ಲ. ತಾವು ಕಟ್ಟದ ಹಣದಲ್ಲಿ ಏನೇನು ನಡೆಯುತ್ತಿದೆ ಎಂದು ನೋಡಲು ಪೇಟೆಯೆಲ್ಲ ಅಲೆದರು!

ಮಾವ ಮೈಸೂರಿನವರು. ಕಾರಿನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿ ದುಡಿದು ನಿವೃತ್ತರಾದವರು. ಕೊವೆಂಟ್ರಿಯಿಂದ ಒಂದು ಬಸ್ ಹಿಡಿದರೆ ಸಿಗುವ ಪಟ್ಟಣವೊಂದರ ಪೇಟೆಯಲ್ಲಿ ಅವರದೊಂದು ಪುಟ್ಟ ಅಂಗಡಿಯಿದೆ. (ಊರಿನ ಹೆಸರು ಹೇಳಿದರೆ ನನ್ನ ಮೇಲೂ ತಕರಾರು ತೆಗೆದಾರು.) ಅಲ್ಲಿ ನಮ್ಮ ಅತ್ತೆ ಬಹಳ ಕಾಲ ಬಟ್ಟೆ ಆಲ್ಟರೇಶನ್ ಮಾಡುತ್ತಿದ್ದರು. ಊರಿನ ಅರ್ಧ ಗಂಡಸರ ಪ್ಯಾಂಟಿನ ಉದ್ದ ಅವರಿಗೆ ಬಾಯಿಪಾಠವಾಗಿತ್ತು. ಮರೆವಿನ ಕಾಯಿಲೆ ಶುರುವಾದ ಮೇಲೆ ಕೆಲಸ ನಿಂತಿತು.

ಅದೇ ಹೊತ್ತಿಗೆ ಪೇಟೆಗೆ ‘ಬಿಡ್’ ಬಂತು. ವ್ಯಾಪಾರಿಗಳೆಲ್ಲ ವೋಟು ಹಾಕಿ, ಮಾಮೂಲಿ ತೆರಿಗೆಯ ಮೇಲೆ ಇನ್ನಷ್ಟು ಕೊಟ್ಟು, ತಮ್ಮ ಪೇಟೆಯನ್ನು ಚೆಂದ ಮಾಡಿಕೊಳ್ಳುವ ಯೋಜನೆಯ ಹೆಸರದು. ದೀಪದ ಕಂಬಕ್ಕೆ ಹೂವಿನ ಬುಟ್ಟಿ, ಕ್ರಿಸ್‌ಮಸ್ ದೀಪ, ಬೀದಿ ಸುತ್ತುವ ವಾರ್ಡನ್, ಎಲ್ಲ ಆ ಹಣದಲ್ಲೇ. ಅಂಗಡಿ ಖಾಲಿಯಿದ್ದರೆ ಮಾಲೀಕನೇ ಕಟ್ಟಬೇಕು. ಹಾಗಾಗಿ ಮಾವನಿಗೆ ಬಿಲ್ಲು ಬಂತು.

“ಹೆಸರು ನೋಡಿದ್ರೆ ಬಿಡ್. ಹಿಡ್ಕೊಂಡ್ರೆ ಬಿಡೋದೇ ಇಲ್ವಲ್ಲೇ,” ಎಂದು ನನಗೆ ಫೋನ್ ಮಾಡಿದರು.

ನಾನಿರುವುದು ಬರ್ಮಿಂಗ್‌ಹ್ಯಾಮಿನ ಹಾರ್ಬೋರ್ನ್‌ನಲ್ಲಿ. ಶನಿವಾರ ಮಾವನನ್ನು ನೋಡಲು ಹೋದರೆ ಕಾಫಿ ಕೊಡುವ ಮೊದಲೇ ಪೇಟೆಗೆ ಎಳೆದುಕೊಂಡು ಹೋಗಿ ರಸ್ತೆಯ ನಟ್ಟನಡುವೆ ನಿಲ್ಲಿಸಿದರು. ನನ್ನ ಎಡಗಾಲು ಬಿಡ್‌ನ ಒಳಗಿದೆ, ಬಲಗಾಲು ಹೊರಗಿದೆ ಎಂದು ವಿವರಿಸಿದರು. ಯೋಜನೆಯ ಗಡಿ ಆ ಬೀದಿಯನ್ನು ಸರಿಯಾಗಿ ಸೀಳಿಕೊಂಡು ಹೋಗಿತ್ತು. ಮಾವನ ಸಾಲಿನವರು ಹಣ ಕಟ್ಟಬೇಕು, ಎದುರು ಸಾಲಿನವರಿಗೆ ವಿನಾಯಿತಿ. ಆದರೆ ದೀಪದ ಕಂಬಗಳಿರುವುದು ಎದುರು ಸಾಲಿನಲ್ಲಿ ಮಾತ್ರ! ಹೂವೆಲ್ಲ ಅಲ್ಲೇ ಅರಳಿದ್ದವು. ಎದುರಿನ ಕ್ಷೌರದಂಗಡಿಯವನು ಸಂಕೋಚಪಟ್ಟು ಮಾವನಿಗೆ ಪುಕ್ಕಟೆ ಕಟಿಂಗ್ ಮಾಡಿಕೊಡುತ್ತೇನೆಂದನಂತೆ. ಮಾವನ ತಲೆಯಲ್ಲಿ ಕೂದಲಿದ್ದರೆ ಜಗಳ ಅಲ್ಲಿಗೇ ಮುಗಿಯುತ್ತಿತ್ತೇನೋ. ನಾವು ಇದನ್ನೆಲ್ಲ ಮಾತಾಡಿ ಮುಗಿಸುವವರೆಗೆ ಹಿಂದೆ ಒಂದು ಬಸ್ಸು ಇಂಗ್ಲಿಷ್ ಸಂಯಮದಿಂದ ಕಾದು ನಿಂತಿತ್ತು.

ಆಮೇಲೆ ಮಾವ ಬಿಡ್‌ನ ಮ್ಯಾನೇಜರನ್ನು ಕಂಡರು. ಚಿಕ್ಕ ವಯಸ್ಸಿನ, ಬಹಳ ತಾಳ್ಮೆಯ ಹುಡುಗಿ. ಪೇಟೆಗೆ ಜನ ಹೆಚ್ಚಾಗಿದ್ದಾರೆ ಎಂದಳು. ಎಣಿಸಿದ್ದು ಯಾರು? ಕ್ಯಾಮೆರಾ. ಅದು ಒಬ್ಬನನ್ನೇ ಮತ್ತೆ ಮತ್ತೆ ಎಣಿಸುತ್ತದೆಯೋ? ಆ ಹುಡುಗಿಗೆ ಖಚಿತವಾಗಿ ಗೊತ್ತಿರಲಿಲ್ಲ. ಮಾವನಿಗೆ ಅಷ್ಟು ಸಾಕಾಯಿತು. ದಿನವೂ ಕ್ಯಾಮೆರಾದ ಕೆಳಗೆ ಶತಪಥ ಹಾಕಿದರು. ಮುಂದಿನ ವರದಿಯಲ್ಲಿ ಅವರ ಬೀದಿಯ ಜನಸಂಚಾರ ಏರಿತ್ತು! ಆ ಜನಸ್ತೋಮ ಪೂರ್ತಿ ತಾವೇ ಎಂದು ಮಾವ ಇಂದಿಗೂ ನಂಬಿದ್ದಾರೆ.

ಅಂಗಡಿಯನ್ನು ಬಾಡಿಗೆಗೆ ಕೊಟ್ಟುಬಿಡಿ, ಬಾಡಿಗೆಯವರೇ ಕಟ್ಟುತ್ತಾರೆ ಎಂದು ಆ ಹುಡುಗಿ ಹೇಳಿದಳು. ನಾವೂ ಹೇಳಿದೆವು. ಮಾವ ನನಗೆ, ಗೋಡೆಯಲ್ಲಿ ತೇವವಿದೆ ಎಂದರು. ನನ್ನ ಗಂಡನಿಗೆ, ಮಾರ್ಕೆಟ್ ಸರಿಯಿಲ್ಲ ಎಂದರು. ಆ ಹುಡುಗಿಗೆ, ತಕ್ಕ ಜನ ಸಿಗುತ್ತಿಲ್ಲ ಎಂದರಂತೆ. ಒಂದೇ ಪ್ರಶ್ನೆಗೆ ಎಂಜಿನಿಯರ್ ಒಬ್ಬರು ಮೂರು ಉತ್ತರ ಕೊಡುತ್ತಾರೆಂದರೆ ನನಗೂ ಕುತೂಹಲ ಹುಟ್ಟದೆ ಇರುತ್ತದೆಯೇ?

ಅಷ್ಟರಲ್ಲಿ ಬಿಡ್‌ನ ಹಣ ವಸೂಲು ಮಾಡುವ ಊರಿನ ಕೌನ್ಸಿಲ್‌ನವರು ಬಾಕಿಗಾಗಿ ಮಾವನನ್ನು ಕೋರ್ಟಿಗೆ ಕರೆದರು. ನಾವು ಹೆದರಿದೆವು. ಮಾವ ಸೂಟು ಇಸ್ತ್ರಿಗೆ ಕೊಟ್ಟರು. ಯೋಜನೆ ಮುಂದುವರಿಯಬೇಕೇ ಎಂಬ ಹೊಸ ವೋಟೂ ಅದೇ ಸಮಯಕ್ಕೆ ಬಂತು. ಮಾವ ಅಂಗಡಿ ಅಂಗಡಿ ಹತ್ತಿಳಿದು, ಕೊಟ್ಟಲ್ಲೆಲ್ಲ ಚಹಾ ಕುಡಿದು, ‘ಬೇಡ’ ಎನ್ನಿ ಎಂದು ಪ್ರಚಾರ ಮಾಡಿದರು. ಒಂದು ಬೆಳಿಗ್ಗೆ ಬೇಕರಿಯವನಿಗೆ ಗಡಿಯ ಅನ್ಯಾಯವನ್ನು ವಿವರಿಸುತ್ತಿದ್ದಾಗ ಬಿಡ್‌ನ ವಾರ್ಡನ್ ಫೋನ್ ಮಾಡಿದ. ಅತ್ತೆ ಒಬ್ಬರೇ ಮನೆ ಬಿಟ್ಟು ಬಸ್ಸು ಹತ್ತಿ ಪೇಟೆಗೆ ಬಂದಿದ್ದರು.

ಆ ದಿನ ರಜೆಯೆಂದು ನಾನೂ ಮಾವನ ಜೊತೆಗಿದ್ದೆ. ಇಬ್ಬರೂ ಓಡಿದೆವು. ಸ್ವೆಟರ್ ಕೂಡ ಇಲ್ಲದೆ ಅತ್ತೆ ಅಂಗಡಿಯ ಮುಂದೆ ಕೂತಿದ್ದರು. ವಾರ್ಡನ್ ಎದುರಿನ ಕ್ಷೌರದಂಗಡಿಯಿಂದ ಕುರ್ಚಿ ತಂದು ಕೂರಿಸಿ, ತನ್ನ ಕೋಟು ಹೊದಿಸಿ, ಅವರ ಚೀಲ ಹಿಡಿದು ಪಕ್ಕದಲ್ಲಿ ನಿಂತಿದ್ದ. ಇವತ್ತು ನೀವು ಬರುವುದು ತಡವಾಯಿತಲ್ಲ ಎಂದು ಮಾವನನ್ನು ಕೇಳಿದ. ದಿನವೂ ಬೆಳಿಗ್ಗೆ ಮಾವ ಅತ್ತೆಯನ್ನು ಕರೆತಂದು ಅಂಗಡಿ ತೆರೆಯುತ್ತಾರೆಂದು ನನಗೆ ಗೊತ್ತಾದದ್ದು ಹಾಗೆ. ಅಂದು ಪ್ರಚಾರದ ಭರದಲ್ಲಿ ಹೊತ್ತು ಮೀರಿತ್ತು. ಅತ್ತೆ ತಾವೇ ಹೊರಟುಬಿಟ್ಟಿದ್ದರು.

ಮಧ್ಯಾಹ್ನವೇ ಮಾವ ಬಾಕಿ ಕಟ್ಟಿದರು. ವೋಟು ಮಾತ್ರ ‘ಬೇಡ’ ಎಂದೇ ಹಾಕಿದರು. ಯಾಕೆ ಎಂದು ಕೇಳಿದೆ.

“ವಾರ್ಡನ್ ಒಳ್ಳೆಯವನು. ಗಡಿ ತಪ್ಪು. ಎರಡೂ ನಿಜ ಕಣೇ,” ಎಂದರು. ಯೋಜನೆ ಗೆದ್ದಿತು. ಮಾವನಿಗೆ ಅಷ್ಟೇನೂ ಬೇಸರವಾದಂತೆ ಕಾಣಲಿಲ್ಲ.

ಮುಂದಿನ ಶನಿವಾರ ನಾನು ನೇರ ಅಂಗಡಿಗೇ ಹೋದೆ. ಮಾವ ಶಟರ್ ಎತ್ತಿ, ಮೇಜು ಒರೆಸಿ, ದೀಪ ಹಾಕುತ್ತಿದ್ದರು. ಅತ್ತೆ ಕೊರಳಿಗೆ ಟೇಪು ಹಾಕಿಕೊಂಡು ಕೂತಿದ್ದರು. ನನ್ನ ಗುರುತು ಹತ್ತಲಿಲ್ಲ. ಅಳತೆ ಕೊಡಲು ಬಂದೆಯೇನಮ್ಮ ಎಂದು ಕೇಳಿ, ಹತ್ತಿರ ಕರೆದು ಮೆಲ್ಲಗೆ ಮಾವನ ಕಡೆ ತೋರಿಸಿದರು.

“ಇವರು ಯಾರೋ, ಪಾಪ, ದಿನಾ ಬಂದು ನನ್ನ ಅಂಗಡಿ ತೆಗೆದುಕೊಡ್ತಾರೆ. ತುಂಬ ಒಳ್ಳೆಯವರು.”

ಮಾವನಿಗೆ ಕೇಳಿಸಿತ್ತು. ನನ್ನ ಕಡೆ ನೋಡಲಿಲ್ಲ. ಒರೆಸುವ ಬಟ್ಟೆಯನ್ನು ಮಡಿಸಿಟ್ಟು ಅತ್ತೆಯ ಮುಂದೆ ಬಂದು ನಿಂತರು.

“ಮುಚ್ಚೋದಕ್ಕೂ ನಾನೇ ಬರ್ತೀನಮ್ಮ,” ಎಂದರು. “ನೀವು ನಿಧಾನವಾಗಿ ಕೆಲಸ ಮಾಡ್ಕೊಳ್ಳಿ.”