ಏಕಾಂತಪ್ಪನವರ ಟಾಪಿಲ್ಲದ ಕಾರು

"ಶಿವಯೋಗಿ ಕಾರಲ್ಲಿ ಕಿಟಕಿಯಷ್ಟು ಆಕಾಶ ಕಾಣುತ್ತೆ. ನಾನು ತರೋ ಕಾರಲ್ಲಿ ಇಡೀ ಆಕಾಶವೇ ಕಾಣ್ಬೇಕು!" ಎಂದು ಶಿವಮೊಗ್ಗದ ದುರ್ಗಿಗುಡಿಯ ಪೇಂಟ್ ಅಂಗಡಿ ಮಾಲೀಕ ಏಕಾಂತಪ್ಪನವರು ಊಟದ ತಟ್ಟೆಯ ಮುಂದೆ ಪ್ರತಿಜ್ಞೆ ಮಾಡಿದರು. ಭೀಷ್ಮನ ಪ್ರತಿಜ್ಞೆಗೆ ಹೂಮಳೆಯಾದರೂ ಆಗಿತ್ತು. ಇವರದಕ್ಕೆ ಹೆಂಡತಿ ಬಸವರಾಜೇಶ್ವರಿ ಒಂದು ಸೌಟು ಸಾರು ಸುರಿದರು.

ಶಿವಯೋಗಿ ಅವರ ಷಡ್ಡಕ. ಹಿಂದಿನ ವಾರ ಸನ್‌ರೂಫ್ ಇರುವ ಹೊಸ ಕಾರು ತಂದು, ಗುಂಡಿ ಒತ್ತಿ ಒತ್ತಿ ತೋರಿಸಿ, "ಏಕಾಂತಣ್ಣ, ಇದೆಲ್ಲ ಹುಡುಗರ ಶೋಕಿ, ನಿಮ್ಮ ವಯಸ್ಸಿಗೆ ಯಾಕೆ ಬಿಡಿ" ಎಂದುಬಿಟ್ಟಿದ್ದ. ವಯಸ್ಸಂತೆ! ಏಕಾಂತಪ್ಪನವರಿಗೆ ನಾಲ್ಕು ವರ್ಷದಿಂದ ಐವತ್ತೊಂಬತ್ತೇ ನಡೆಯುತ್ತಿತ್ತು. ಅರವತ್ತಾಯಿತೆಂದು ಒಪ್ಪಿಕೊಂಡರೆ ಅಂಗಡಿಯ ಕುರ್ಚಿಯನ್ನು ಮಗಳು ಅಮೂಲ್ಯಳಿಗೆ ಬಿಡಬೇಕಿತ್ತು. ಹಾಗೆಂದು ಹೆಂಡತಿಗೆ ಮಾತು ಕೊಟ್ಟು ಕೂತಿದ್ದರು. ಕುರ್ಚಿ ಬಿಡುವುದಕ್ಕಿಂತ ಪ್ರಾಣ ಬಿಡುವುದು ಸಲೀಸು ಎಂಬುದು ಅವರ ಗಟ್ಟಿ ನಂಬಿಕೆ.

ಮೊಬೈಲಿನಲ್ಲಿ ಜಾಹೀರಾತು ಸಿಕ್ಕೇಬಿಟ್ಟಿತು. "ಭದ್ರಾವತಿಯಲ್ಲಿ ಮಾರಾಟಕ್ಕಿದೆ: ಹಳೇ ಬ್ರಿಟಿಷ್ ಐಷಾರಾಮಿ ಕಾರು. ಮಡಚುವ ಟಾಪ್, ಅಪ್ಪಟ ಚರ್ಮದ ಸೀಟು, ಮರದ ಡ್ಯಾಷ್‌ಬೋರ್ಡ್. ರಸಿಕರು ಮಾತ್ರ ಸಂಪರ್ಕಿಸಿ."

"ರಸಿಕರು! ನೋಡಿದ್ಯೇನೇ? ನನ್ನ ಹೆಸರೊಂದು ಹಾಕಿಲ್ಲ ಅಷ್ಟೇ!"

"ಟಾಪ್ ಇಲ್ಲದ ಕಾರಾ? ನೆಲ ಆದ್ರೂ ಇದೆಯಾ ನೋಡ್ಕೊಳ್ಳಿ" ಎಂದರು ಬಸವರಾಜೇಶ್ವರಿ.

ಮಾರುವವರು ಯಜ್ಞನಾರಾಯಣ ಎಂಬ ಹಳೇ ಇಂಜಿನಿಯರು. ಕಾರನ್ನು ಮಗಳಂತೆ ಸಾಕಿದ್ದರು. "ಒಂದು ದಿನ ಇಟ್ಕೊಂಡು ನೋಡಿ, ಒಗ್ಗಿದ್ರೆ ವ್ಯಾಪಾರ. ನಾಲ್ಕು ಸಲ ಗಂಡನ ಮನೆಗೆ ಕಳಿಸಿದೀನಿ, ನಾಲ್ಕು ಸಲನೂ ವಾಪಸ್ ಬಂದಿದಾಳೆ. ಸ್ವಲ್ಪ ಸೂಕ್ಷ್ಮ" ಎಂದು ಕಣ್ಣೊರೆಸಿಕೊಂಡು, ಬಾನೆಟ್ಟಿಗೆ ಕುಂಕುಮ ಇಟ್ಟು, ದಂಪತಿಗೆ ಒಂದೊಂದು ದಪ್ಪ ಹೂವಿನ ಹಾರ ಹಾಕಿ ಬೀಳ್ಕೊಟ್ಟರು.

"ರೀ, ಹಾರ ತೆಗೀರಿ."

"ಇರಲಿ ಬಿಡೇ, ಕಾರಿಗೆ ಒಪ್ಪುತ್ತೆ! ನಿಂದೂ ಇರಲಿ."

ಸಂಜೆ ಐದೂವರೆಯ ಹೊತ್ತಿಗೆ ಕಾರು ಶಿವಮೊಗ್ಗದ ಹಾದಿ ಹಿಡಿಯಿತು. ಎದುರು ಬಂದ ಸಿಟಿ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು, "ಒಳ್ಳೇದಾಗ್ಲಿ ಸಾರ್! ಬಿಪಿ ಚೆಕ್ ಮಾಡಿಸ್ತಾ ಇರಿ!" ಎಂದು ಕೂಗಿದ. ಆಟೋದವರು ಹಾರನ್ ಹೊಡೆದು ಕೈಮುಗಿದರು. ಏಕಾಂತಪ್ಪನವರೂ ಮಹಾರಾಜರಂತೆ ಕೈ ಬೀಸಿದರು. ಕಾರಿನ ಗತ್ತಿಗೆ ಊರೇ ಮರುಳಾಗಿದೆ ಎಂದು ಅವರ ಎದೆ ಉಬ್ಬಿತು.

ತುಂಗಾ ಸೇತುವೆ ದಾಟಿದ್ದೇ ತಡ, ಸೂಕ್ಷ್ಮ ಮಗಳು ಎರಡು ಸಲ ಕೆಮ್ಮಿ ನಿಂತುಬಿಟ್ಟಳು. ಹತ್ತು ಜನ ಓಡಿಬಂದು ತಳ್ಳತೊಡಗಿದರು. ಎಲ್ಲೋ ಕಾರ್ಯಕ್ರಮ ಮುಗಿಸಿ ಬರುತ್ತಿದ್ದ ತಮಟೆಯವರು ಮುಂದೆ ನಿಂತು ಬಾರಿಸಿಯೇಬಿಟ್ಟರು.

"ಎಷ್ಟು ವರ್ಷ ಸರ್ವಿಸ್ ಸಾರ್?" ತಳ್ಳುತ್ತಿದ್ದವನೊಬ್ಬ ಕೇಳಿದ.

"ಅಂಗಡಿ ತೆಗೆದು ಮೂವತ್ತಾರು ವರ್ಷ!" ಎಂದ ಇವರ ಮಾತಿನಲ್ಲಿ ಅಂಗಡಿಯನ್ನು ತಮಟೆ ನುಂಗಿತು, ಮೂವತ್ತಾರು ಮಾತ್ರ ಉಳಿಯಿತು.

"ಒಂದ್ಸಲನೂ ಸಸ್ಪೆನ್ಷನ್ ಇಲ್ವಾ?"

"ಇಲ್ದೆ ಏನು! ಎರಡು ಸಲ ಹೊಸಾದು ಹಾಕ್ಸಿದಾರೆ!" ಎಂದು ಇವರು ಕಾರಿನ ಲೆಕ್ಕ ಕೊಟ್ಟರು.

"ಎರಡು ಸಲ ಸಸ್ಪೆಂಡ್ ಆದ್ರೂ ಇಂಥಾ ಕಾರು. ಚೆನ್ನಾಗೇ ಮಾಡ್ಕೊಂಡಿದಾರೆ ಮಾರಾಯ" ಎಂದು ಹಿಂದೆ ಒಬ್ಬ ಗೊಣಗಿದ. ಏಕಾಂತಪ್ಪನವರು ಹೆಂಡತಿಯ ಮುಖ ನೋಡಿದರು.

"ಇವತ್ತು ಮೂವತ್ತೊಂದನೇ ತಾರೀಖು ಕಣ್ರೀ. ತಿಂಗಳ ಕೊನೇ ದಿನ, ತೆರೆದ ಗಾಡಿ, ಹಾರ ಹಾಕ್ಕೊಂಡ ಗಂಡ ಹೆಂಡ್ತಿ. ನೀವು ರಿಟೈರ್ ಆದ್ರಿ ಅಂತ ಮೆರವಣಿಗೆ ಮಾಡ್ತಿದಾರೆ."

"ಮೊದ್ಲೇ ಹೇಳೋಕೆ ಏನಾಗಿತ್ತೇ ನಿಂಗೆ?"

"ನಾಲ್ಕು ವರ್ಷದಿಂದ ಹೇಳ್ತಾನೇ ಇದೀನಿ. ಕೇಳಿದ್ರಾ? ಈಗ ಊರು ಹೇಳ್ತಿದೆ, ಕೇಳ್ಕೊಳ್ಳಿ."

ಹಾರ ಕಿತ್ತರೆ ಅಪಶಕುನವೆಂದು ಜನ ಬಿಡಲಿಲ್ಲ. ಮಾನ ಮುಚ್ಚಿಕೊಳ್ಳಲು ಟಾಪ್ ಎಳೆದರೆ ಅದು ಅರ್ಧಕ್ಕೆ ಎದ್ದು ಹಾಗೇ ನಿಂತಿತು. ಉತ್ಸವಮೂರ್ತಿಗೆ ಕೊಡೆಯೊಂದು ಬಾಕಿಯಿತ್ತು, ಅದೂ ಬಂತು!

ಗುರುತಿನವರು ಸೇರಿಕೊಂಡು ಮೆರವಣಿಗೆಯನ್ನು ನೇರ ದುರ್ಗಿಗುಡಿಗೆ, ಅವರದೇ ಅಂಗಡಿಯ ಮುಂದಕ್ಕೆ ತಂದರು. ಯಾರೋ ಹಾಕಿದ ವಿಡಿಯೋ ಅಷ್ಟರಲ್ಲಿ ನೆಂಟರ ವಾಟ್ಸಾಪ್ ಗ್ರೂಪ್ ಮುಟ್ಟಿತ್ತು. ಶಿವಯೋಗಿ ಶಾಲು, ಪೇಟ, ಹಣ್ಣಿನ ಬುಟ್ಟಿ ಹಿಡಿದು ಸಿದ್ಧನಾಗಿದ್ದ.

"ಒಂದು ಮಾತು ಹೇಳೋದಲ್ವಾ ಏಕಾಂತಣ್ಣ? ಅಂತೂ ದೊಡ್ಡ ಮನಸ್ಸು ಮಾಡಿ ಅಂಗಡಿ ಮಗಳಿಗೆ ಬಿಟ್ರಲ್ಲ, ಬಹಳ ಸಂತೋಷ. ಎರಡು ಮಾತಾಡಿ" ಎಂದು ಪೇಟ ತೊಡಿಸಿದ.

ತಮಟೆ ನಿಂತಿತು. ಏಕಾಂತಪ್ಪನವರು ಸೀಟಿನ ಮೇಲೆ ಹತ್ತಿ ನಿಂತು, ಪೇಟ ಸರಿಮಾಡಿಕೊಂಡು, ಸಿಂಹದಂತೆ ಗರ್ಜಿಸಿದರು. "ನಾನು ರಿಟೈರ್ ಆಗಿಲ್ಲ!"

ಚಪ್ಪಾಳೆಯೋ ಚಪ್ಪಾಳೆ! "ಪಾಪ, ಮನಸ್ಸು ಒಪ್ತಿಲ್ಲ. ನಮ್ಮ ಹೆಡ್‌ಮಾಸ್ಟ್ರೂ ಹೀಗೇ ಅತ್ತಿದ್ರು" ಎಂದು ಒಬ್ಬರು ಮೂಗೊರೆಸಿಕೊಂಡರು. ಅಂಗಡಿ ಬಾಗಿಲಲ್ಲಿ ನಿಂತಿದ್ದ ಅಮೂಲ್ಯಳ ಕಣ್ಣಿನಲ್ಲಿ ನಿಜವಾಗಿಯೂ ನೀರಿತ್ತು. "ಥ್ಯಾಂಕ್ಸ್ ಅಪ್ಪಾಜಿ" ಎಂದು ಎಲ್ಲರೆದುರು ಕಾಲಿಗೆ ಬಿದ್ದಳು. ಏಕಾಂತಪ್ಪನವರ ಕೈ ತಾನಾಗಿಯೇ ಆಶೀರ್ವಾದಕ್ಕೆ ಎದ್ದಿತು.

ಮರುದಿನ ಬೆಳಿಗ್ಗೆ ಕಾರು ಐದನೇ ಸಲ ತವರಿಗೆ ಹೊರಟಿತು, ಲಾರಿಯಲ್ಲಿ ಮಲಗಿಕೊಂಡು. ಅದನ್ನು ಸಾಗಹಾಕಿ, ಇವತ್ತೇ ಎಲ್ಲ ಇತ್ಯರ್ಥ ಮಾಡುತ್ತೇನೆಂದು ಮೀಸೆ ತಿರುವಿ ಏಕಾಂತಪ್ಪನವರು ಅಂಗಡಿಗೆ ನಡೆದರು. ಕುರ್ಚಿಯಲ್ಲಿ ಅಮೂಲ್ಯ ಬಿಲ್ ಬರೆಯುತ್ತಿದ್ದಳು. ಎದುರಿಗೆ ನಾಲ್ಕು ಜನ ಕಾಯುತ್ತಿದ್ದರು. ಇವರು ಅಧಿಕಾರದಿಂದ ಗಂಟಲು ಸರಿಪಡಿಸಿಕೊಂಡರು.

ಇಪ್ಪತ್ತು ವರ್ಷದಿಂದ ಇವರ ಹತ್ತಿರವೇ ಬಣ್ಣ ಒಯ್ಯುವ ಪೇಂಟರ್ ಪರಮೇಶ್ ತಿರುಗಿ ನೋಡಿ, ಕನಿಕರದಿಂದ ಅವರ ಭುಜ ಹಿಡಿದ.

"ಮನೇಲಿ ಹೊತ್ತು ಹೋಗ್ತಿಲ್ವಾ ಯಜಮಾನ್ರೇ? ಮೊದಮೊದಲು ಹಂಗೇ. ಸ್ವಲ್ಪ ಈ ಕಡೆ ಬನ್ನಿ, ಮಾಲೀಕರಿಗೆ ಗಿರಾಕಿ ಕಾಣ್ತಿಲ್ಲ."