ಡ್ರೋನಿನ ಮೇಲೆ ಕೊಡೆಯುದ್ಧ

"ನಮ್ಮ ಮಹಡಿ ಮೇಲೆ ಕಾಗೆ ಹಾರಬೇಕಾದ್ರೂ ನನ್ನ ಕೇಳಿ ಹಾರಬೇಕು!" ಎಂದು ಬೀಗ ರಿಪೇರಿಯವರು ಗುಡುಗಿದ್ದು ಒಂದು ಭಾನುವಾರ ಬೆಳಿಗ್ಗೆ. ಬೀದಿ ಕೊನೆಯ ಸ್ಟುಡಿಯೋದವನು ಪಕ್ಕದ ಹೊಸ ಕಟ್ಟಡದ ವಿಡಿಯೋ ತೆಗೆಯಲು ಡ್ರೋನ್ ಹಾರಿಸತೊಡಗಿದ್ದ. ಬೀದಿ ಎರಡು ಪಕ್ಷವಾಗಿತ್ತು. ಔಷಧಿ ಅಂಗಡಿಯವರಿಗೆ ಅದು ವಿಜ್ಞಾನದ ವರ; ಎದುರುಮನೆ ಮೇಷ್ಟರಿಗೆ ಬಚ್ಚಲಿಗೇ ಇಣುಕುವ ಪಿಶಾಚಿ. ಬೀಗದವರು ಮೇಷ್ಟರ ಪಕ್ಷದ ಸೇನಾಪತಿ. ಬೀದಿಯ ಬಾಗಿಲಿಗೆಲ್ಲ ಬೀಗ ಜಡಿದವರಿಗೆ ಆಕಾಶಕ್ಕೊಂದು ಚಿಲಕ ಸಿಕ್ಕಿರಲಿಲ್ಲ!

ಡ್ರೋನ್ ಗುಂಯ್‌ಗುಟ್ಟುತ್ತಾ ಬಂದೇಬಿಟ್ಟಿತು. ಮಹಡಿಯಲ್ಲಿ ಹೆಂಡತಿ ಬಟ್ಟೆ ಒಣಹಾಕುತ್ತಿದ್ದರು. ಬೀಗದವರು ಕೊಡೆ ಎತ್ತಿ ಹಾರಿದರು. ಕೊಡೆ ಹಗ್ಗಕ್ಕೆ ಸಿಕ್ಕಿತು, ಹಗ್ಗ ಹರಿಯಿತು, ಒದ್ದೆ ಹೊದಿಕೆ ಸೇನಾಪತಿಗಳ ತಲೆಯ ಮೇಲೆಯೇ ಬಿತ್ತು!

"ರೀ, ಅದು ನಿಮ್ಮನ್ನ ನೋಡೋಕೆ ಬಂದಿಲ್ಲ!"

"ಮತ್ತೆ ನಿನ್ನ ನೋಡೋಕೆ ಬಂತಾ?"

"ಈ ವಯಸ್ಸಲ್ಲಿ ಯಾರಾದ್ರೂ ನೋಡ್ತಾರೆ ಅಂದ್ರೆ ನೋಡ್ಲಿ ಬಿಡ್ರೀ!" ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕು, ಡ್ರೋನಿಗೆ ಕೈ ಬೀಸಿದರು.

ಬೀಗದವರು ಒದ್ದೆ ತಲೆಯಲ್ಲೇ ಸ್ಟುಡಿಯೋಗೆ ನುಗ್ಗಿ ಕುರ್ಚಿ ಎಳೆದು ಕೂತರು. "ನನ್ನ ಕಣ್ಣೆದುರಿಗೇ ಆ ವಿಡಿಯೋ ಅಳಿಸು. ಅಲ್ಲಿವರೆಗೂ ಏಳಲ್ಲ!" ಅವನು ಅಳಿಸಿದ. ಕಂಪ್ಯೂಟರಿನ ಕಸದಬುಟ್ಟಿಯನ್ನೂ ಬರಿದು ಮಾಡಿಸಿ, ಗೆದ್ದವರ ಠೀವಿಯಲ್ಲಿ ಮನೆಗೆ ಬಂದರು.

ಎಂಟು ತಿಂಗಳ ಮೇಲೆ ಹೆಂಡತಿ ತೀರಿಕೊಂಡರು. ಮೂರೇ ದಿನದ ಜ್ವರ. ಮನೆಯಲ್ಲಿ ಉಳಿದಿದ್ದು ಗುರುತಿನ ಚೀಟಿಯ ಫೋಟೋ ಒಂದೇ. ಅದರಲ್ಲಿ ಆಕೆ ತುಟಿ ಬಿಗಿದು, ಯಾರದೋ ಜಗಳಕ್ಕೆ ಸಾಕ್ಷಿ ಹೇಳಲು ಬಂದವರಂತಿದ್ದರು. ನಗುವಾಗ ಮೊದಲು ಕಣ್ಣು ಮುಚ್ಚುತ್ತಿದ್ದರೋ, ಬಾಯಿ ತೆರೆಯುತ್ತಿದ್ದರೋ? ಎಷ್ಟು ಯೋಚಿಸಿದರೂ ಬೀಗದವರಿಗೆ ನೆನಪಾಗಲಿಲ್ಲ.

ಒಂದು ಮಧ್ಯಾಹ್ನ ಸ್ಟುಡಿಯೋಗೆ ಹೋದರು. "ನಿನ್ನ ಶಟರ್ ಬೀಗ ಬಿಗಿಯಾಗಿದೆಯಂತಲ್ಲಪ್ಪಾ" ಎನ್ನುತ್ತಾ, ಸರಿಯಾಗಿಯೇ ಇದ್ದ ಬೀಗಕ್ಕೆ ಅರ್ಧ ಗಂಟೆ ಎಣ್ಣೆ ಬಿಟ್ಟರು. ಆಮೇಲೆ ತಲೆ ಎತ್ತದೆ ಕೇಳಿದರು: "ಆ ವಿಡಿಯೋ... ಎಲ್ಲಾದ್ರೂ ಒಂಚೂರು ಉಳಿದಿದ್ಯಾ?"

"ಇಲ್ಲ ಸಾರ್. ಅಳಿಸಿದ ಮಾರನೇ ದಿನಾನೇ ಅಮ್ಮಾವ್ರೂ ಬಂದು ಇದನ್ನೇ ಕೇಳಿದ್ರು."

"ಅವಳಾ? ಅವಳಿಗ್ಯಾಕೆ?"

"ನೀವು ಕೊಡೆ ಹಿಡ್ಕೊಂಡು ಕುಣಿದಿದ್ದು ಬೇಕಿತ್ತಂತೆ ಸಾರ್. 'ನಮ್ಮನೆಯವರು ಒಂದು ಫೋಟೋಗೂ ನಿಲ್ಲಲ್ಲ. ನಾಳೆ ಅವರಿಲ್ಲದಾಗ ನೋಡ್ಕೊಂಡು ನಗೋಕೆ ಏನಾದ್ರೂ ಬೇಕಲ್ಲಪ್ಪಾ' ಅಂದ್ರು."